13ರಿಂದ 18ರ ನಡುವಿನ ಖಾಲಿ ಕಪಾಟು

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ, ಪಿಯು ಫಲಿತಾಂಶ ಬಂದ ವಾರ ದಾವಣಗೆರೆಯ ವೃತ್ತಗಳಲ್ಲೆಲ್ಲ ಫ್ಲೆಕ್ಸ್‌ಗಳದ್ದೇ ಕಾರುಬಾರು. ಹೆಚ್ಚು ಅಂಕ ತೆಗೆದವರ ಮುಖ, ಪಕ್ಕದಲ್ಲಿ ಅಂಕಿ, ಕೆಳಗೆ ಪ್ರವೇಶಾತಿಯ ಫೋನ್ ನಂಬರು. ಅದೇ ವಯಸ್ಸಿನ ಹುಡುಗ ಹುಡುಗಿಯರಿಗೆಂದೇ ಬರೆದ ಒಂದು ಕಾದಂಬರಿ ಕೊಡಿ ಎಂದು ಗ್ರಂಥಾಲಯದ ಕೌಂಟರಿನಲ್ಲಿ ಕೇಳಿ ನೋಡಿ. ಸಾಮಾನ್ಯವಾಗಿ ಎರಡು ದಿಕ್ಕಿಗೆ ಕೈ ತೋರಿಸುತ್ತಾರೆ: ಚಿತ್ರ ತುಂಬಿದ ನೀತಿಕತೆಗಳಿರುವ ಮಕ್ಕಳ ವಿಭಾಗ, ಇಲ್ಲವೇ ದೊಡ್ಡವರ ಕಾದಂಬರಿಗಳ ಸಾಲು. ಮೂರನೆಯದೂ ಒಂದಿದೆ, ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳದ್ದು. ಕುರ್ಚಿ ಖಾಲಿ ಇರದ ಮೂಲೆ ಅದೊಂದೇ.

ಮಕ್ಕಳು ಓದುತ್ತಿಲ್ಲ ಎಂಬ ದೂರು ಓದುಗರ ಪತ್ರಗಳ ಈ ಅಂಕಣದಲ್ಲಿ ಆಗಾಗ ಬರುತ್ತದೆ. 7ನೇ ತರಗತಿಯವರೆಗೆ ಕತೆ ಪುಸ್ತಕಕ್ಕೆ ಮುಗಿಬೀಳುವ ಮಕ್ಕಳು 8ನೇ ತರಗತಿಗೆ ಬಂದಮೇಲೆ ಕಾಣೆಯಾಗುವುದಕ್ಕೆ ಮೊಬೈಲು ಒಂದೇ ಕಾರಣವೆಂದು ಶಾಲೆ, ಕಾಲೇಜುಗಳ ಗ್ರಂಥಾಲಯ ನೋಡಿಕೊಳ್ಳುವ ನಮಗೆ ಅನಿಸುವುದಿಲ್ಲ. ಅವರ ವಯಸ್ಸಿನ ದೊಡ್ಡ ಪ್ರಶ್ನೆ 'ನನಗೆ ಬೇಕಾದದ್ದು ಒಂದು, ಮನೆಯವರಿಗೆ ಬೇಕಾದದ್ದು ಇನ್ನೊಂದು, ಈಗ ಏನು ಮಾಡಲಿ' ಎಂಬುದು. ಈ ಪ್ರಶ್ನೆಯನ್ನು ಹೊತ್ತ ಪುಸ್ತಕ ಅವರ ಕೈಗೆ ಎಟಕುವ ಕಪಾಟಿನಲ್ಲಿ ಇಲ್ಲ.

ಹದಿಹರೆಯದವರಿಗೆಂದು ಪ್ರತ್ಯೇಕ ಕಪಾಟು ಮಾಡುವ ರೂಢಿ ಗಟ್ಟಿಯಾದದ್ದು ಅಮೆರಿಕದಲ್ಲಿ, ಅದೂ ಬಹುಮಟ್ಟಿಗೆ ಗ್ರಂಥಪಾಲಕರ ದುಡಿಮೆಯಿಂದ. ಅಲ್ಲಿನ ಗ್ರಂಥಾಲಯಗಳ ಸಂಘದಲ್ಲಿ ಈ ವಯಸ್ಸಿನ ಓದುಗರಿಗಾಗಿಯೇ ಒಂದು ವಿಭಾಗ 1957ರಲ್ಲಿ ಶುರುವಾಯಿತು. 12ರಿಂದ 18 ವರ್ಷದವರ ಈ ಕಾದಂಬರಿಗಳನ್ನು ಅಲ್ಲಿ 'ಯಂಗ್ ಅಡಲ್ಟ್' ಎನ್ನುತ್ತಾರೆ. ನಮ್ಮಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಲ್ಲಿ ಬಂತು, ಮರುವರ್ಷ ಯುವ ಪುರಸ್ಕಾರ. ಎರಡನೆಯದು ಎಳೆಯ ಲೇಖಕರಿಗೆ ಕೊಡುವ ಪ್ರಶಸ್ತಿ, ಎಳೆಯ ಓದುಗರ ಪುಸ್ತಕಕ್ಕಲ್ಲ. ಪ್ರಶಸ್ತಿಪಟ್ಟಿ ನೋಡಿ ಪುಸ್ತಕ ತರಿಸುವ ಶಾಲೆಗಳು ಎಡವುವುದು ಇಲ್ಲೇ. ಯುವ ಪುರಸ್ಕಾರದ ಪುಸ್ತಕ ಸೊಗಸಾಗಿರಬಹುದು, 9ನೇ ತರಗತಿಗೆ ಹೊಂದಬೇಕೆಂದೇನೂ ಇಲ್ಲ.

ಕಪಾಟು ಖಾಲಿ ಉಳಿಯುವುದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಅದರೊಳಗೆ ಕಾದಂಬರಿ, ಕತೆಗಳಿಗೆ 894.8143. ಓದುಗನ ವಯಸ್ಸು ಈ ಸಂಖ್ಯೆಯಲ್ಲಿ ಎಲ್ಲೂ ಕಾಣುವುದಿಲ್ಲ. ಹಾಗಾಗಿ 15 ವರ್ಷದ ಹುಡುಗಿಯ ಕತೆಯೂ 60 ವರ್ಷದವರ ಕತೆಯೂ ಲೇಖಕರ ಹೆಸರಿನ ಅಕ್ಷರ ಹಿಡಿದು ಪಕ್ಕಪಕ್ಕ ಕೂರುತ್ತವೆ. ಇದಕ್ಕೆ ಮರುವರ್ಗೀಕರಣದ ರಗಳೆ ಬೇಡ. ಪುಸ್ತಕದ ಬೆನ್ನಿನ ಮೇಲಿರುವ ಸಂಖ್ಯೆಯ ಚೀಟಿಯ ಮೇಲ್ಗಡೆ ಹಸಿರು ಬಣ್ಣದ ದುಂಡು ಸ್ಟಿಕ್ಕರ್ ಅಂಟಿಸಿ, ದಾಖಲಾತಿ ರಿಜಿಸ್ಟರಿನ ಷರಾ ಕಾಲಂನಲ್ಲಿ 'ಹಸಿರು' ಎಂದು ಬರೆದು, ಆ ಪುಸ್ತಕಗಳನ್ನು ಕಪಾಟಿನಲ್ಲಿ ಕಣ್ಣಿನ ಮಟ್ಟದ ಒಂದು ಸಾಲಿಗೆ ತಂದರೆ ಸಾಕು. ಬೆನ್ನು ಕಾಣುವಂತೆ ನಿಲ್ಲಿಸುವುದಕ್ಕಿಂತ ನಾಲ್ಕೈದನ್ನಾದರೂ ಮುಖಪುಟ ಕಾಣುವಂತೆ ಇಡಬೇಕು. ಬೀಗ ಹಾಕಿದ ಗಾಜಿನ ಬೀರುವಿನಲ್ಲಿಟ್ಟರೆ ಸ್ಟಿಕ್ಕರ್ ಅಂಟಿಸಿದ್ದೂ ವ್ಯರ್ಥ.

ಇನ್ನು ಯಾವ ಪುಸ್ತಕಕ್ಕೆ ಹಸಿರು ಚುಕ್ಕೆ? ಮುಖ್ಯಪಾತ್ರಕ್ಕೆ 15 ವರ್ಷ ಎಂದ ಮಾತ್ರಕ್ಕೆ ಅದು ಹದಿಹರೆಯದವರ ಕಾದಂಬರಿ ಆಗುವುದಿಲ್ಲ. ದೊಡ್ಡವರು ಹಿಂದಿರುಗಿ ನೋಡಿ ನಿಟ್ಟುಸಿರಿಡುವ ಬಾಲ್ಯದ ಕತೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವು ಮುಗಿದುಹೋದದ್ದನ್ನು ಹೇಳುತ್ತವೆ. ಹದಿಹರೆಯದವರ ಕಾದಂಬರಿಯಲ್ಲಿ ಮುಂದೇನಾಗುತ್ತದೆಂದು ಕತೆ ಹೇಳುವವಳಿಗೇ ಗೊತ್ತಿರುವುದಿಲ್ಲ. ಕತೆಯ ಕಾಲ ಚಿಕ್ಕದು, ಹೆಚ್ಚೆಂದರೆ ಒಂದು ಶಾಲಾ ವರ್ಷ. ಮೊದಲ ಕಾಲು ಭಾಗದೊಳಗೆ ಅವಳಿಗೆ ಏನು ಬೇಕು, ಎಷ್ಟರೊಳಗೆ ಬೇಕು, ಅದಕ್ಕೆ ಎಷ್ಟು ಖರ್ಚು ಎಂಬ ಮೂರೂ ಗೊತ್ತಾಗಬೇಕು. 'ಏನಾದರೂ ಸಾಧಿಸಬೇಕು' ಎಂಬಷ್ಟರಲ್ಲೇ 50 ಪುಟ ಕಳೆದರೆ ಆ ಪುಸ್ತಕವನ್ನು ಮಕ್ಕಳು ಕೆಳಗಿಡುತ್ತಾರೆ. ಇಡಲಿ, ತಪ್ಪಿಲ್ಲ.

ಇಂಥದ್ದಾಗಬೇಕು ಎಂಬ ಕನಸಿನ ಸುತ್ತ ಹೆಣೆದ ಕಾದಂಬರಿಗೆ ನಾವು ಹಾಕುವ ಮೊದಲ ಪರೀಕ್ಷೆ, ಆ ಕನಸಿನ ಕಸುಬು ಲೇಖಕರಿಗೆ ಗೊತ್ತಿದೆಯೇ ಎಂಬುದು. ಖೋಖೋ ಆಡುವ ಹುಡುಗಿಯ ಕತೆ ಎಂದಿಟ್ಟುಕೊಳ್ಳಿ. ಎಂಟು ಜನ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಕೂರುವುದು, ಒಂಬತ್ತನೆಯವಳು ಬೆನ್ನಟ್ಟುವುದು, ಹಿಡಿದ ದಿಕ್ಕಿನಿಂದ ಕಂಬ ಮುಟ್ಟುವವರೆಗೆ ಹಿಂದೆ ತಿರುಗುವಂತಿಲ್ಲದಿರುವುದು, ಎದುರಾಳಿಗಳು ಮೂವರ ತಂಡವಾಗಿ ಒಳಗಿಳಿಯುವುದು, ಒಂದು ಸರದಿಗೆ 9 ನಿಮಿಷ: ಇಷ್ಟರ ಒಳಗೇ ಕತೆಗೆ ಬೇಕಾದ ಬಿಗಿ ಇದೆ. 'ಅವಳು ಮಿಂಚಿನಂತೆ ಓಡಿದಳು, ಪದಕ ಗೆದ್ದಳು' ಎಂದು ಬರೆದವರು ಮೈದಾನಕ್ಕೆ ಹೋದವರಲ್ಲ. 800 ಮೀಟರ್ ಓಟಗಾರ್ತಿಯ ಕತೆಯಾದರೆ ಮೊದಲ ತಿರುವು ಮುಗಿಯುವವರೆಗೆ ತನ್ನ ಲೇನಿನಲ್ಲೇ ಓಡಿ, ಆಮೇಲೆ ಎಲ್ಲರೂ ಒಳಲೇನಿಗೆ ನುಗ್ಗುವ ಆ ಹತ್ತಿಪ್ಪತ್ತು ಹೆಜ್ಜೆಗಳ ಮೊಣಕೈ ಗುದ್ದಾಟ ಪುಟದ ಮೇಲೆ ಇರಬೇಕು. ಓದುವ ಮಕ್ಕಳಲ್ಲಿ ಕ್ರೀಡಾಶಾಲೆಯವರು ಒಬ್ಬಿಬ್ಬರಾದರೂ ಇರುತ್ತಾರೆ, ತಪ್ಪನ್ನು ಥಟ್ಟನೆ ಹಿಡಿಯುತ್ತಾರೆ. ರಂಗಭೂಮಿಯ ಕನಸಾದರೆ ನಮ್ಮ ಭಾಗದ ಮಕ್ಕಳಿಗೆ ಇನ್ನೂ ಹತ್ತಿರ. ಕೆ.ಬಿ.ಆರ್. ಡ್ರಾಮಾ ಕಂಪನಿಯ ರಂಗನಟಿ ಚಿಂದೋಡಿ ಲೀಲಾ ಈ ಊರಿನವರು. ಊರೂರು ತಿರುಗಿ ನಾಟಕ ಆಡುವ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡದ ನಾಟಕ ನೋಡಿದವರು ಬಹುತೇಕ ಶಾಲೆಗಳಲ್ಲಿ ಸಿಗುತ್ತಾರೆ. ತಾಲೀಮು, ರಂಗಸಜ್ಜಿಕೆ, ಮಾತು ಮರೆತಾಗ ಪರದೆಯ ಮರೆಯಿಂದ ಎತ್ತಿಕೊಡುವವರು, ಇವೆಲ್ಲ ಇಲ್ಲದೆ ಬರಿ ಚಪ್ಪಾಳೆಯನ್ನೇ ಬರೆದ ಪುಸ್ತಕವನ್ನು ಅವರು ನಂಬುವುದಿಲ್ಲ.

ಎರಡನೆಯ ಪರೀಕ್ಷೆ ಇದಕ್ಕಿಂತ ಮುಖ್ಯ. ಬೇಡ ಎನ್ನುವ ಅಪ್ಪನಿಗೆ, ಅಮ್ಮನಿಗೆ ಕಾರಣ ಇದೆಯೇ? ಅದು ಪುಸ್ತಕದಲ್ಲಿ ಕಾಣುತ್ತದೆಯೇ?

ಬಹಳಷ್ಟು ಕತೆಗಳಲ್ಲಿ ಅಪ್ಪ ಎಂದರೆ ಗದರುವ ಮೀಸೆ, ಕೊನೆಯ ಅಧ್ಯಾಯದಲ್ಲಿ ಕಣ್ಣೀರು. ನಡುವೆ ಆತ ಏನು ಲೆಕ್ಕ ಹಾಕುತ್ತಿದ್ದ ಎಂಬುದೇ ಇಲ್ಲ. ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಮನೆಗಳಲ್ಲಿ ಆ ಲೆಕ್ಕ ಬಹಳ ಸ್ಪಷ್ಟ. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುವುದರಿಂದ ಹಿಡಿದು ಎಲ್ಲರ ಕೈಗೂ ಕೆಲಸ. ಮಗ ಹಾಸ್ಟೆಲ್ ಸೇರಿದರೆ ಮನೆಗೆ ಒಂದು ಜೊತೆ ಕೈ ಕಡಿಮೆ, ಸೀರೆ ಮುಗಿಯುವುದು ತಡ, ಕೂಲಿ ಬರುವುದು ತಡ. ಜಗಳೂರು ಕಡೆ ಮೆಕ್ಕೆಜೋಳ ಬೆಳೆದವರಿಗೆ ದುಡ್ಡು ಕಾಣುವುದು ದೀಪಾವಳಿಯ ಆಸುಪಾಸಿನಲ್ಲಿ. ಕಾಲೇಜಿಗೆ ಕಟ್ಟಬೇಕಾದದ್ದು ಜೂನ್‌ನಲ್ಲಿ, ಅಂದರೆ ಬೀಜ ಗೊಬ್ಬರಕ್ಕೂ ಅದೇ ತಿಂಗಳಲ್ಲಿ ಸಾಲ ಎತ್ತುವ ಹೊತ್ತಿನಲ್ಲಿ. ಇನ್ನು ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡ ಊರು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡ ತಲೆಮಾರು ಇನ್ನೂ ಇಲ್ಲೇ ಇದೆ. ಸಂಬಳ ನಿಂತದ್ದನ್ನು ಕಂಡ ತಾತ, ತನ್ನ ಮೊಮ್ಮಗಳು ಚಿತ್ರಕಲೆ ಓದುತ್ತೇನೆ ಎಂದಾಗ 'ಮೊದ್ಲು ಒಂದು ಸರ್ಕಾರಿ ನೌಕ್ರಿ ಹಿಡಿ ತಾಯಿ, ಆಮೇಲೆ ಏನಾರ ಬರಕೋ' ಎಂದರೆ ಅದರ ಹಿಂದೆ ಅನುಭವ ಇದೆ. ಆ ತಾತನನ್ನು ಖಳನನ್ನಾಗಿ ಮಾಡಿದ ಕಾದಂಬರಿ ಸುಳ್ಳು ಹೇಳುತ್ತಿದೆ. ಅವನ ಮಾತೇ ಸರಿ ಎಂದು ಮೊಮ್ಮಗಳನ್ನು ಸುಮ್ಮನಾಗಿಸಿದ ಕಾದಂಬರಿಯೂ ಅಷ್ಟೇ. ಇಬ್ಬರಿಗೂ ನ್ಯಾಯ ಸಿಗುವಂತೆ ಬರೆದ ಪುಸ್ತಕ ಓದುವಾಗ ಮಕ್ಕಳು ಅಧ್ಯಾಯಕ್ಕೊಮ್ಮೆ ಪಕ್ಷ ಬದಲಿಸುತ್ತಾರೆ. ಈ ಬಗೆಯ ಓದಿನ ಸುಖವೆಲ್ಲ ಅದರಲ್ಲೇ ಇದೆ.

ಅನುವಾದಗಳ ವಿಷಯದಲ್ಲಿ ಇನ್ನೊಂದು ಮಾತು. ಹೊರದೇಶದ ಕಾದಂಬರಿಗಳಲ್ಲಿ ಮನೆ ಎಂದರೆ ಅಪ್ಪ, ಅಮ್ಮ, ಒಂದೆರಡು ಮಕ್ಕಳು. 18 ತುಂಬಿದ ಮೇಲೆ ಮನೆ ಬಿಡುವುದು ಅಲ್ಲಿ ಸಹಜ ಮುಕ್ತಾಯ. ನಮ್ಮಲ್ಲಿ ಫೀಸಿಗೆ ದುಡ್ಡು ಕೊಡುವವನು ಸೋದರಮಾವ ಇರಬಹುದು, ಕೊನೆಯ ಮಾತು ದೊಡ್ಡಪ್ಪನದಿರಬಹುದು, ಅಕ್ಕನ ಮದುವೆಯ ಸಾಲ ತೀರುವವರೆಗೆ ತಂಗಿಯ ಆಸೆ ಕಾಯಬೇಕಿರಬಹುದು. ಅನುವಾದ ಓದಿಸಬೇಡಿ ಎನ್ನುತ್ತಿಲ್ಲ, ಖಂಡಿತ ಓದಿಸಿ. ಆದರೆ ಮೊದಲ ಪುಸ್ತಕ ಕನ್ನಡದ ಮನೆಯದಾಗಿರಲಿ, ಎರಡನೆಯದು ಅನುವಾದವಾಗಲಿ. ಆಗ ಮಕ್ಕಳೇ ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡುತ್ತಾರೆ.

ಪುಸ್ತಕ ಕಷ್ಟವೋ ಸುಲಭವೋ ತಿಳಿಯಲು ಬೆರಳಿನ ಲೆಕ್ಕ ಸಾಕು. ನಡುವಿನ ಒಂದು ಪುಟ ತೆರೆದು ಮಗುವಿಗೆ ಓದಲು ಹೇಳಿ, ಅರ್ಥವಾಗದ ಪದಕ್ಕೊಂದು ಬೆರಳು ಮಡಚಲಿ. ಐದೂ ಮಡಚಿದರೆ ಆ ಪುಸ್ತಕ ಈಗ ಬೇಡ. ಒಂದು ವಿನಾಯಿತಿ ಇದೆ. ಮಂಗಳೂರು ಕಡೆಯದೋ ಕಲಬುರಗಿ ಕಡೆಯದೋ ಆಡುಮಾತಿನಲ್ಲಿ ಬರೆದ ಕಾದಂಬರಿ ಮೊದಲ 20 ಪುಟ ಎಲ್ಲರಿಗೂ ತೊಡಕು, ಆಮೇಲೆ ಕಿವಿ ಒಗ್ಗುತ್ತದೆ. ಅಂಥ ಪುಸ್ತಕದ ಮೊದಲ ಎರಡು ಅಧ್ಯಾಯವನ್ನು ಶಿಕ್ಷಕರೇ ಗಟ್ಟಿಯಾಗಿ ಓದಿ ದಾಟಿಸಬೇಕು. ಅಚ್ಚು 12 ಪಾಯಿಂಟಿಗಿಂತ ಸಣ್ಣದಿದ್ದರೆ, ಸಾಲುಗಳು ಒತ್ತೊತ್ತಾಗಿದ್ದರೆ ಒಳ್ಳೆಯ ಪುಸ್ತಕವೂ ವಾಪಸು ಬರುತ್ತದೆ. ಮೊದಲ ಸಲಕ್ಕೆ 160ರಿಂದ 200 ಪುಟ ಹದ.

ಒಬ್ಬೊಬ್ಬರೇ ಓದಿದರೂ ಸರಿಯೇ, ಗುಂಪಿನಲ್ಲಿ ಓದಿದರೆ ರುಚಿ ಬೇರೆ. ಹತ್ತು ಮಕ್ಕಳು, ಐದು ಪ್ರತಿ, ನಾಲ್ಕು ವಾರ, 180 ಪುಟ ಎಂದಿಟ್ಟುಕೊಳ್ಳೋಣ. ವಾರಕ್ಕೆ 45 ಪುಟ. ಇಬ್ಬರಿಗೊಂದು ಪ್ರತಿ: ಒಬ್ಬರಿಗೆ ಸೋಮವಾರದಿಂದ ಬುಧವಾರ, ಇನ್ನೊಬ್ಬರಿಗೆ ಗುರುವಾರದಿಂದ ಶನಿವಾರ. ದಿನಕ್ಕೆ 15 ಪುಟ ಬೀಳುತ್ತದೆ, ಟ್ಯೂಷನ್‌ಗೆ ಹೋಗುವ ಮಕ್ಕಳಿಗೂ ಆಗುವಂಥದ್ದೇ. ಪುಟ ಲೆಕ್ಕ ಹಾಕಿ ವಾರದ ಪಾಲು ಕತ್ತರಿಸುವಾಗ ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಬೇಡಿ, ಒಂದು ಜಗಳದ ನಡುವೆ ನಿಲ್ಲಿಸಿ. ಮುಂದಿನ ಪಾಲಿಗೆ ಮಕ್ಕಳೇ ಬಂದು ಕಾಡುತ್ತಾರೆ. ಜೆರಾಕ್ಸ್ ಮಾಡಿ ಹಂಚುವ ದಾರಿ ಹಿಡಿಯಬೇಡಿ. ಲೇಖಕರಿಗೆ ಸಲ್ಲಬೇಕಾದದ್ದು ತಪ್ಪುತ್ತದೆ, ಬಿಡಿ ಹಾಳೆ ಮೂರನೇ ದಿನಕ್ಕೆ ಕಳೆದೂಹೋಗುತ್ತದೆ. ಐದು ಪ್ರತಿಯನ್ನು ಒಟ್ಟಿಗೇ ಕೊಳ್ಳುವುದು ಒಳಿತು. ಕನ್ನಡದಲ್ಲಿ ಒಂದು ಮುದ್ರಣ ಎಂದರೆ 500ರಿಂದ 1000 ಪ್ರತಿ, ಮರುವರ್ಷ ಕೇಳಿದರೆ ಪ್ರಕಾಶಕರ ಹತ್ತಿರವೂ ಇರುವುದಿಲ್ಲ. ನವೆಂಬರ್ ರಾಜ್ಯೋತ್ಸವದ ರಿಯಾಯಿತಿ ಮಾರಾಟ ಇದಕ್ಕೆ ಒಳ್ಳೆಯ ಸಮಯ.

ಆದರೆ ಓದಿಸುವ ಸಮಯ ನವೆಂಬರ್ ಅಲ್ಲ. 10ನೇ ತರಗತಿಯವರಿಗೆ ಜುಲೈ, ಆಗಸ್ಟ್ ಒಂದು ಸುತ್ತು, ದಸರಾ ರಜೆಗೆ ಇನ್ನೊಂದು. ಅದರಾಚೆ ಹೋದರೆ ಪರೀಕ್ಷೆಯ ಹವಾ ಶುರುವಾಗಿ ಗುಂಪು ತಾನೇ ಒಡೆಯುತ್ತದೆ. 8, 9ನೇ ತರಗತಿಯವರಿಗೆ ಜನವರಿಯವರೆಗೂ ನಡೆಸಬಹುದು.

ಗುಂಪಿನ ಚರ್ಚೆ ಕೆಡುವುದು ಹೆಚ್ಚಾಗಿ ಮೊದಲ ಪ್ರಶ್ನೆಯಲ್ಲೇ. 'ಈ ಕಾದಂಬರಿಯಿಂದ ನೀವು ಏನು ಕಲಿತಿರಿ?' ಎಂದು ಕೇಳಿದ ಕ್ಷಣ ಹತ್ತೂ ಮಕ್ಕಳು ಗೋಡೆಬರಹದ ಭಾಷೆಗೆ ಹೊರಳುತ್ತಾರೆ: ಗುರಿ ಇರಬೇಕು, ಛಲ ಇರಬೇಕು, ತಂದೆ ತಾಯಿಯನ್ನು ಗೌರವಿಸಬೇಕು. ಪರೀಕ್ಷೆಯ ಉತ್ತರ ಬರೆದು ಅಭ್ಯಾಸವಾದವರು ಅವರು. ಅದರ ಬದಲು ಸಣ್ಣ, ಗಟ್ಟಿ ಪ್ರಶ್ನೆ ಕೇಳಬೇಕು. ಅಪ್ಪ ಮೊದಲ ಸಲ ಮಾತು ಬದಲಿಸಿದ್ದು ಯಾವ ಪುಟದಲ್ಲಿ, ಆಗ ಅವನ ಕೈಯಲ್ಲಿ ಏನಿತ್ತು? ಗುಟ್ಟು ಮೊದಲು ತಿಳಿದದ್ದು ಯಾರಿಗೆ, ಅವರೇಕೆ ಸುಮ್ಮನಿದ್ದರು? ಕನಸಿನ ಖರ್ಚನ್ನು ಕೊನೆಗೆ ಕೊಟ್ಟವರು ಯಾರು? ಕೊನೆಯದು ನಮ್ಮ ಮೆಚ್ಚಿನ ಪ್ರಶ್ನೆ. ಕರಿಹಲಗೆಯ ಮೇಲೆ ಆ ಮನೆಯ ಜಮಾ ಖರ್ಚು ಬರೆಸಿ: ಎಡಗಡೆ ಬರುವ ದುಡ್ಡು, ಬಲಗಡೆ ಬಾಡಿಗೆ, ರೇಷನ್ನು, ಸಾಲದ ಕಂತು, ತಮ್ಮನ ಫೀಸು. ಪುಸ್ತಕದಲ್ಲಿ ಅಂಕಿ ಇಲ್ಲದಿದ್ದರೆ ಅಂದಾಜು ಹಾಕಲಿ. ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಗೊತ್ತಾಗುವುದೇನೆಂದರೆ, ಅಕ್ಕನ ಕನಸಿಗೆ ತೆತ್ತದ್ದು ಅಪ್ಪನ ಜೇಬಿನಿಂದಲ್ಲ, ತಮ್ಮನ ಪಾಲಿನಿಂದ. ಲೇಖಕರು ಅದನ್ನು ಗಮನಿಸಿದ್ದಾರೋ ಇಲ್ಲವೋ ಎಂಬ ವಾದ ಅಲ್ಲಿಂದ ತಾನಾಗಿಯೇ ಹುಟ್ಟುತ್ತದೆ.

ಇನ್ನೊಂದು ಉಪಾಯ. ಒಂದು ಜಗಳದ ದೃಶ್ಯ ಆರಿಸಿ, ಹಾಳೆಯನ್ನು ಉದ್ದಕ್ಕೆ ಮಡಚಿ, ಒಂದು ಕಡೆ ಪಾತ್ರ ಹೇಳಿದ ಮಾತು, ಇನ್ನೊಂದು ಕಡೆ ಹೇಳದೆ ನುಂಗಿದ್ದು ಬರೆಯಲಿ. ನಾಚಿಕೆ ಸ್ವಭಾವದ ಮಕ್ಕಳು ಬಾಯಿ ಬಿಡದಿದ್ದರೂ ಇಲ್ಲಿ ಬರೆಯುತ್ತಾರೆ. 45 ನಿಮಿಷದ ಪೀರಿಯಡ್ಡಿನಲ್ಲಿ 10 ನಿಮಿಷ ಗಟ್ಟಿ ಓದು, 25 ನಿಮಿಷ ಮಾತು, 10 ನಿಮಿಷ ಬರಹ. ಅಂಕ ಕೊಡಬೇಡಿ. ಉತ್ತಮ ಓದುಗ ಪ್ರಶಸ್ತಿಯೂ ಬೇಡ. ಬಹುಮಾನ ಬಂದ ಕೂಡಲೇ ಪುಸ್ತಕದ ಹಿಂಬದಿಯ ಸಾರಾಂಶ ಓದಿ ಭಾಷಣ ಮಾಡುವವರು ಹುಟ್ಟಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಮನೆಯ ಕತೆ ಓದುವಾಗ ಮಗು ತನ್ನ ಮನೆಯದನ್ನು ಹೇಳಿಬಿಡಬಹುದು: ಹೊಡೆತ, ಕುಡಿತ, ನಿಶ್ಚಯವಾಗುತ್ತಿರುವ ಮದುವೆ. ಗುಂಪಿನ ಮುಂದೆ ಅದನ್ನು ಕೆದಕಬಾರದು. ಮಾತನ್ನು ಪಾತ್ರದ ಕಡೆಗೆ ತಿರುಗಿಸಿ, ಆಮೇಲೆ ಒಬ್ಬರೇ ಇರುವಾಗ ವಿಚಾರಿಸಬೇಕು. ಮಕ್ಕಳ ಸಹಾಯವಾಣಿ 1098 ದಿನವಿಡೀ ಉಚಿತ. ಹುಡುಗಿಗೆ 18, ಹುಡುಗನಿಗೆ 21 ತುಂಬದ ಮದುವೆ 2006ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ. ಇದು ಗೊತ್ತಿಲ್ಲದವರು ಈ ಬಗೆಯ ಕಾದಂಬರಿ ಓದಿಸಲು ಕೂರಬಾರದು ಎನ್ನುವಷ್ಟು ನಾವು ಖಚಿತವಾಗಿ ಹೇಳುತ್ತೇವೆ.

'ಕತಿ ಪುಸ್ತಕ ಓದ್ಕೊಂತ ಕುಂತ್ರೆ ಮಾರ್ಕ್ಸ್ ಯಾರು ತಗೀತಾರ್ರೀ' ಎನ್ನುವ ಪೋಷಕರಿಗೆ ಓದಿನ ಮಹತ್ವದ ಭಾಷಣ ಕೊಟ್ಟು ಫಲವಿಲ್ಲ. ಅಪ್ಪನ ಅಥವಾ ಅಮ್ಮನ ಕಷ್ಟ ಹೇಳುವ ಅಧ್ಯಾಯ ಯಾವುದೋ ಅದಕ್ಕೆ ಚೀಟಿ ಇಟ್ಟು, ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳು ಎಂದು ಮಗುವಿನ ಕೈಯಲ್ಲಿ ಕಳಿಸಿ. ಮಗಳು ಮನೆ ಬಿಟ್ಟುಹೋಗುವ ಅಧ್ಯಾಯವನ್ನು ಮೊದಲು ಕಳಿಸಿದರೆ ಪುಸ್ತಕ ಮರಳುವುದಿಲ್ಲ, ಮಗುವೂ ಗುಂಪಿಗೆ ಮರಳುವುದಿಲ್ಲ.

ಪ್ರತಿಗಳ ಆರೈಕೆ ಬಗ್ಗೆ ಚಿಕ್ಕದಾಗಿ. ಈಗಿನ ಪುಸ್ತಕಗಳಲ್ಲಿ ಬಹಳಷ್ಟು ಬರಿ ಗೋಂದಿನ ಬೈಂಡಿಂಗು, ಅಂಗಾತ ತೆರೆದು ಒತ್ತಿದರೆ ನಡುವಿನಿಂದ ಬಿಚ್ಚಿಕೊಳ್ಳುತ್ತದೆ. ಸೆಲ್ಲೊಟೇಪ್ ಹಚ್ಚಬೇಡಿ, ಹಳದಿಯಾಗಿ ಕಾಗದವನ್ನೂ ಕೀಳುತ್ತದೆ. ಬೆನ್ನಿಗೆ ಫೆವಿಕಾಲ್ ತೆಳುವಾಗಿ ಸವರಿ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ, ಭಾರ ಹೇರಿ ಒಂದು ರಾತ್ರಿ ಬಿಡಿ. ಮೈದಾ ಅಂಟಾದರೆ ಚಿಟಿಕೆ ಮೈಲುತುತ್ತ ಬೆರೆಸುವುದು ಹಳೆಯ ಬೈಂಡರುಗಳ ಪದ್ಧತಿ, ಹುಳ ಬೀಳುವುದಿಲ್ಲ. ಅದು ವಿಷ, ಆದ್ದರಿಂದ ಮಕ್ಕಳ ಕೈಗೆ ಆ ಕೆಲಸ ಬೇಡ.

ಕೊನೆಗೆ ಕೇಳುವುದು ಮೂರು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಅದರಡಿ ಮನೆ ಕಂದಾಯದ ಜೊತೆ ನಾವೆಲ್ಲ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಆ ದುಡ್ಡಿನಲ್ಲಿ ಕೊಳ್ಳುವ ಪುಸ್ತಕಗಳ ಪಟ್ಟಿಯಲ್ಲಿ 13ರಿಂದ 18 ವರ್ಷದವರಿಗೆ ಒಂದು ಪ್ರತ್ಯೇಕ ವಿಭಾಗ ಇರಲಿ. ಎರಡನೆಯದು, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ, ಅಂದರೆ ಅಲ್ಲಿನ ಗ್ರಂಥಾಲಯಗಳಿಗೆ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ 18 ವರ್ಷದೊಳಗಿನವರಿಗೆ ಉಚಿತ ಸದಸ್ಯತ್ವ ಕೊಟ್ಟಿರುವಾಗ, ದೊಡ್ಡ ಮಕ್ಕಳು ಬಂದರೆ ಓದಲು ಏನು ಎಂಬುದಕ್ಕೂ ಉತ್ತರ ಬೇಕು. ಒಂದು ಕೇಂದ್ರಕ್ಕೆ ಇಂಥ ಹತ್ತು ಕಾದಂಬರಿ ಎಂದರೂ ಎರಡೂವರೆ ಸಾವಿರ ರೂಪಾಯಿಯ ಆಜುಬಾಜು ಆಗುತ್ತದೆ. ಮೂರನೆಯದು ನಿಮಗೆ, ಸಂಪಾದಕರೇ. ಭಾನುವಾರದ ಪುರವಣಿಯ ಪುಸ್ತಕ ಪರಿಚಯದಲ್ಲಿ ಪುಟ, ಬೆಲೆ, ಪ್ರಕಾಶಕರ ಹೆಸರು ಹಾಕುತ್ತೀರಿ. ಅದರ ಪಕ್ಕದಲ್ಲೇ 'ಯಾವ ವಯಸ್ಸಿನವರಿಗೆ' ಎಂಬ ಒಂದು ಸಾಲನ್ನೂ ಸೇರಿಸಿದರೆ, ಆ ತುಣುಕನ್ನು ಕತ್ತರಿಸಿ ಶಾಲೆಯ ಫಲಕಕ್ಕೆ ಅಂಟಿಸುವ ಕೆಲಸ ನಮ್ಮದು.

ಇಂತಿ,
ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಕೆಲವು ಶಿಕ್ಷಕರು,
ದಾವಣಗೆರೆ